ಮಗು ಯಾರ ಬಳಿ ಬೆಳೆಯಬೇಕು? ಸುಪರ್ದಿ ಕುರಿತ ಓದುಗರ ಪ್ರಶ್ನೆಗಳು

ಗಂಡ ಹೆಂಡತಿ ಬೇರೆಯಾದಾಗ ಮಕ್ಕಳ ಸುಪರ್ದಿಯನ್ನು ನ್ಯಾಯಾಲಯ ಹೇಗೆ ತೀರ್ಮಾನಿಸುತ್ತದೆ, ಒಬ್ಬರಿಗೇ ಕೊಡುವುದು ಯಾವಾಗ, ಇಬ್ಬರಿಗೂ ಹಂಚುವುದು ಯಾವಾಗ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರ ಹೆಸರನ್ನು ಬಿಟ್ಟು, ಮಗುವಿನ ಗುರುತು ಸಿಗದಂತೆ ವಿವರಗಳನ್ನು ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: ನಾನೂ ನನ್ನ ಪತ್ನಿಯೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದೇವೆ. ಒಂದೂವರೆ ವರ್ಷದಿಂದ ಬೇರೆ ಬೇರೆ ವಾಸವಾಗಿದ್ದೇವೆ. ಒಂಬತ್ತು ವರ್ಷದ ಮಗ ತಾಯಿಯೊಂದಿಗೆ ಜಯನಗರದಲ್ಲಿದ್ದಾನೆ, ಅವನ ಶಾಲೆಯೂ ಅಲ್ಲಿಯೇ. ನಾನು ವೈಟ್‌ಫೀಲ್ಡ್‌ನಲ್ಲಿದ್ದೇನೆ. ತಿಂಗಳಲ್ಲಿ ಹದಿನೈದು ದಿನ ಮಗ ನನ್ನ ಬಳಿ ಇರುವಂತೆ ಜಂಟಿ ಸುಪರ್ದಿ ಕೇಳಬೇಕೆಂದಿದ್ದೇನೆ. ನಮ್ಮ ವಕೀಲರು ‘ಜಂಟಿ ಸುಪರ್ದಿ ಎಂಬುದು ಕಾನೂನಿನಲ್ಲಿ ಇಲ್ಲ’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಮಾತ್ರ ಅದರ ಬಗ್ಗೆ ಓದುತ್ತಲೇ ಇರುತ್ತೇನೆ. ಯಾವುದು ನಿಜ?

ಉತ್ತರ: ನಿಮ್ಮ ವಕೀಲರು ಹೇಳಿದ್ದೂ ನಿಜ, ನೀವು ಓದಿದ್ದೂ ನಿಜ. ನಿಮ್ಮಂಥವರ ಪ್ರಕರಣಕ್ಕೆ ಅನ್ವಯಿಸುವ ಮುಖ್ಯ ಕಾನೂನುಗಳು ಮೂರು: 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ, ಮತ್ತು ವಿಚ್ಛೇದನದ ಅರ್ಜಿ ನಡೆಯುತ್ತಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ. ಈ ಮೂರರಲ್ಲಿ ಎಲ್ಲಿಯೂ ಜಂಟಿ ಸುಪರ್ದಿ ಎಂಬ ಮಾತು ಬರುವುದಿಲ್ಲ. ಕೇಂದ್ರದ ಕಾನೂನು ಆಯೋಗವು 2015ರ ಮೇ ತಿಂಗಳಲ್ಲಿ ಸಲ್ಲಿಸಿದ 257ನೇ ವರದಿಯಲ್ಲಿ, 1890ರ ಕಾಯ್ದೆಗೆ ಹೊಸ ಅಧ್ಯಾಯವೊಂದನ್ನು ಸೇರಿಸಿ ಜಂಟಿ ಸುಪರ್ದಿಗೂ ಅವಕಾಶ ಕಲ್ಪಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಕಾಯ್ದೆಯ ರೂಪ ತಳೆದಿಲ್ಲ.

ಹಾಗೆಂದು ನ್ಯಾಯಾಲಯದ ಕೈ ಕಟ್ಟಿಹಾಕಿಲ್ಲ. ಮಗುವಿನ ಸುಪರ್ದಿ, ಪೋಷಣೆ ಮತ್ತು ವಿದ್ಯಾಭ್ಯಾಸದ ವಿಷಯದಲ್ಲಿ ತನಗೆ ನ್ಯಾಯವೂ ಯುಕ್ತವೂ ಎಂದು ಕಂಡ ಏರ್ಪಾಡನ್ನು ಮಾಡಲು 26ನೇ ಕಲಂ ಅಧಿಕಾರ ಕೊಡುತ್ತದೆ, ಮತ್ತು ಆ ಏರ್ಪಾಡು ಇಂಥದ್ದೇ ಆಗಿರಬೇಕೆಂದು ಎಲ್ಲಿಯೂ ಹೇಳಿಲ್ಲ. ಈ ಅವಕಾಶವನ್ನು ಬಳಸಿಕೊಂಡ ತೀರ್ಪುಗಳಲ್ಲಿ ದೇಶದಾದ್ಯಂತ ಹೆಸರಾದದ್ದು ನಮ್ಮ ಕರ್ನಾಟಕ ಹೈಕೋರ್ಟಿನದೇ. 2013ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠವು ಒಬ್ಬ ಬಾಲಕನ ಪ್ರಕರಣದಲ್ಲಿ, ವರ್ಷದ ಜನವರಿಯಿಂದ ಜೂನ್‌ವರೆಗೆ ಅವನು ತಂದೆಯ ಬಳಿಯೂ ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿಯೂ ಇರಬೇಕು, ಒಬ್ಬರ ಬಳಿ ಇರುವಾಗ ಇನ್ನೊಬ್ಬರು ಶನಿವಾರ ಮತ್ತು ಭಾನುವಾರ ಭೇಟಿಯಾಗಬಹುದು, ಓದಿನ ಮತ್ತಿತರ ಖರ್ಚನ್ನು ಇಬ್ಬರೂ ಸಮನಾಗಿ ಹೊರಬೇಕು, ಫೋನ್ ಮತ್ತು ವಿಡಿಯೊ ಕರೆಗೆ ಯಾರೂ ಅಡ್ಡಿ ಮಾಡಬಾರದು ಎಂದು ಆದೇಶಿಸಿತು. ಕಾನೂನು ಆಯೋಗದ ವರದಿಯಲ್ಲಿಯೂ ಈ ತೀರ್ಪಿನ ಉಲ್ಲೇಖವಿದೆ.

ಆದರೆ ಆ ತೀರ್ಪನ್ನು ಹಿಡಿದುಕೊಂಡು ಹೋದ ಮಾತ್ರಕ್ಕೆ ನಿಮಗೂ ಅದೇ ಸಿಗುತ್ತದೆ ಎಂದು ಭಾವಿಸಬೇಡಿ. ಆಸ್ತಿ ವಿಭಾಗದ ದಾವೆಯಲ್ಲಿ ಮೊದಲು ಪಾಲು ನಿರ್ಧಾರವಾಗಿ ಆಮೇಲೆ ಅಳತೆ ನಡೆಯುತ್ತದೆ. ಸುಪರ್ದಿಯ ಪ್ರಕರಣದಲ್ಲಿ ಪಾಲು ಎಂಬುದೇ ಇಲ್ಲ. 1956ರ ಕಾಯ್ದೆಯ 13ನೇ ಕಲಂ ಪ್ರಕಾರ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮಿಗಿಲಾದ ಪರಿಗಣನೆ, ಮತ್ತು 1890ರ ಕಾಯ್ದೆಯ 17ನೇ ಕಲಂ ಮಗುವಿನ ವಯಸ್ಸು, ಲಿಂಗ, ಧರ್ಮ, ಸುಪರ್ದಿ ಕೇಳುವವರ ನಡತೆ ಮತ್ತು ಸಾಮರ್ಥ್ಯ, ಅವರಿಗೂ ಮಗುವಿಗೂ ಇರುವ ನಂಟು ಇವನ್ನು ನೋಡಬೇಕೆನ್ನುತ್ತದೆ. ಸುಪ್ರೀಂ ಕೋರ್ಟ್ ಬೇರೆ ಬೇರೆ ತೀರ್ಪುಗಳಲ್ಲಿ ಇದಕ್ಕೆ ಪೋಷಕರ ಮಾನಸಿಕ ಸ್ಥಿರತೆ, ಶಾಲೆಯ ಅನುಕೂಲ, ಮಗು ಈಗಾಗಲೇ ಬೇರೂರಿರುವ ಪರಿಸರ, ಹಣಕಾಸು ಇವನ್ನು ಸೇರಿಸಿದೆ. ಈ ಪಟ್ಟಿಯ ಯಾವ ಅಂಶಕ್ಕೂ ಇಂತಿಷ್ಟು ಅಂಕ ಎಂದು ನಿಗದಿಯಾಗಿಲ್ಲ.

ನಿಮ್ಮ ಪ್ರಕರಣವನ್ನೇ ಈ ದೃಷ್ಟಿಯಿಂದ ನೋಡೋಣ. ಒಂದೂವರೆ ವರ್ಷದಿಂದ ಮಗ ಒಂದು ಮನೆಯಲ್ಲಿ ನೆಲೆಗೊಂಡಿದ್ದಾನೆ. ಅಲ್ಲಿ ಅವನಿಗೆ ತೊಂದರೆಯಿದೆ ಎಂದು ನೀವೂ ಹೇಳುತ್ತಿಲ್ಲ. ಹೀಗಿರುವಾಗ ಯಥಾಸ್ಥಿತಿಯನ್ನು ಕದಲಿಸಲು ನ್ಯಾಯಾಧೀಶರಿಗೆ ಬಲವಾದ ಕಾರಣ ಬೇಕಾಗುತ್ತದೆ. ಎರಡನೆಯದು ದೂರ. ತಿಂಗಳಲ್ಲಿ ಹದಿನೈದು ದಿನ ನಿಮ್ಮ ಬಳಿ ಇದ್ದರೆ, ಆ ದಿನಗಳಲ್ಲಿ ಒಂಬತ್ತು ವರ್ಷದ ಹುಡುಗ ವೈಟ್‌ಫೀಲ್ಡಿನಿಂದ ಸಿಲ್ಕ್ ಬೋರ್ಡ್ ದಾಟಿ ಜಯನಗರದ ಶಾಲೆ ತಲುಪಬೇಕು, ಸಂಜೆ ಅದೇ ದಾರಿಯಲ್ಲಿ ಮರಳಬೇಕು. ಬೆಂಗಳೂರಿನ ನ್ಯಾಯಾಧೀಶರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನೀವು ಶಾಲೆಯ ಹತ್ತಿರ ಮನೆ ಮಾಡಿದರೆ ನಿಮ್ಮ ಅರ್ಜಿಯ ತೂಕವೇ ಬದಲಾಗುತ್ತದೆ. ನೂರು ಪುಟಗಳ ಪ್ರಮಾಣಪತ್ರಕ್ಕಿಂತ (ಅಫಿಡವಿಟ್) ಒಂದು ಬಾಡಿಗೆ ಕರಾರು ಹೆಚ್ಚು ಮಾತಾಡಬಹುದು.

ಮೂರನೆಯದೇ ಬಹಳ ಸಲ ನಿರ್ಣಾಯಕವಾಗುವುದು: ನೀವಿಬ್ಬರೂ ಪರಸ್ಪರ ಮಾತಾಡಬಲ್ಲಿರಾ? ಮಗು ಎರಡು ಮನೆಯಲ್ಲಿ ಬೆಳೆಯಬೇಕಾದರೆ ಜ್ವರ, ಹೋಂವರ್ಕ್, ಶಾಲೆಯ ಪ್ರವಾಸ, ಮರೆತುಹೋದ ಸಮವಸ್ತ್ರ ಹೀಗೆ ನೂರು ಸಣ್ಣ ವಿಷಯಗಳಿಗೆ ಇಬ್ಬರೂ ದಿನವೂ ಸಂಪರ್ಕದಲ್ಲಿರಬೇಕು. ಒಂದೊಂದಕ್ಕೂ ಮಧ್ಯಂತರ ಅರ್ಜಿ ಹಾಕುವ ದಂಪತಿಗೆ ಜಂಟಿ ಸುಪರ್ದಿ ಕೊಟ್ಟರೆ ಅದು ಮಗುವಿಗೆ ಶಿಕ್ಷೆಯಾಗುತ್ತದೆ ಎಂಬ ಅಳುಕು ನ್ಯಾಯಾಲಯಕ್ಕಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಆ ಅಳುಕು ಸಕಾರಣವಾದದ್ದು. ಮನೆಯಲ್ಲಿ ಹಿಂಸೆ, ಕುಡಿತದ ಚಟ, ಮಗುವಿನ ಕಡೆಗೆ ನಿರ್ಲಕ್ಷ್ಯ ಇವು ಸಾಬೀತಾದಾಗ ಒಬ್ಬರ ಸುಪರ್ದಿಗೆ ಹೋಗುವುದು ಸಹಜ. ಆದರೆ ಅಂಥದ್ದೇನೂ ಇಲ್ಲದ, ಇಬ್ಬರೂ ಒಳ್ಳೆಯ ಪೋಷಕರಾಗಿರುವ ಪ್ರಕರಣಗಳಲ್ಲಿಯೂ ಕಲಹ ತಣಿಯದ ಕಾರಣಕ್ಕೆ ಸುಪರ್ದಿ ಒಬ್ಬರಿಗೇ ಹೋಗುವುದುಂಟು.

ಆದ್ದರಿಂದ ‘ಜಂಟಿ ಸುಪರ್ದಿ ಕೊಡಿಸಿ’ ಎಂಬ ಒಂದು ಸಾಲಿನ ಪ್ರಾರ್ಥನೆಗಿಂತ ನಿಮ್ಮ ಅರ್ಜಿಯ ಜೊತೆಗೆ ಒಂದು ವೇಳಾಪಟ್ಟಿಯನ್ನು ಲಗತ್ತಿಸಿ. ಒಂದು ವಾರ ಬಿಟ್ಟು ಒಂದು ವಾರ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆ ಶಾಲೆಗೆ ಬಿಡುವವರೆಗೆ ಮಗ ನಿಮ್ಮ ಬಳಿ, ವಾರದ ನಡುವೆ ಒಂದು ಸಂಜೆ, ಬೇಸಿಗೆ ರಜೆ ಮತ್ತು ದಸರಾ ರಜೆಯಲ್ಲಿ ಅರ್ಧರ್ಧ, ಯುಗಾದಿ ಒಬ್ಬರಲ್ಲಾದರೆ ದೀಪಾವಳಿ ಇನ್ನೊಬ್ಬರಲ್ಲಿ, ಮರುವರ್ಷ ಅದಲುಬದಲು, ಶಾಲೆ ಬದಲಾವಣೆ, ಶಸ್ತ್ರಚಿಕಿತ್ಸೆ, ಪಾಸ್‌ಪೋರ್ಟ್ ಇವುಗಳ ತೀರ್ಮಾನ ಇಬ್ಬರೂ ಸೇರಿ, ಶಾಲೆಯ ಪೋಷಕರ ಸಭೆಗೆ ಇಬ್ಬರಿಗೂ ಆಹ್ವಾನ, ಶುಲ್ಕದಲ್ಲಿ ಯಾರದೆಷ್ಟು. ಆದೇಶದಲ್ಲಿ ಇದಕ್ಕೆ ತಾಯಿಯ ಸುಪರ್ದಿ, ತಂದೆಗೆ ಭೇಟಿಯ ಹಕ್ಕು ಎಂದು ಬರೆದಿರಬಹುದು. ಮಗನ ಬದುಕಿನಲ್ಲಿ ಅದು ಜಂಟಿ ಸುಪರ್ದಿಯೇ ಆಗಿರುತ್ತದೆ.

ಇದನ್ನು ವಿಚಾರಣೆಗೆ ಮೊದಲೇ ಮಾತುಕತೆಯಲ್ಲಿ ಕುದುರಿಸಿಕೊಳ್ಳಲು ಸಾಧ್ಯವಿದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಪ್ರಕಾರ ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯವೇ ಆಗಿದೆ. ಬೆಂಗಳೂರಿನಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ಕೆಲಸ ಮಾಡುತ್ತಿದೆ. ಅಲ್ಲಿಗೆ ಹೋಗುವಾಗ ಹದಿನೈದು ದಿನ ಎಂಬ ಅಂಕಿಯನ್ನು ಸ್ವಲ್ಪ ಸಡಿಲಿಸಿಕೊಂಡು ಹೋಗಿ.

ಪ್ರಶ್ನೆ: ನನಗೆ ಮೂರು ವರ್ಷದ ಮಗಳಿದ್ದಾಳೆ. ಗಂಡನ ಮನೆಯ ಹಿಂಸೆ ತಾಳಲಾರದೆ ಹಾಸನ ಜಿಲ್ಲೆಯ ನನ್ನ ತವರಿಗೆ ಬಂದಿದ್ದೇನೆ. ನನಗೆ ಕೆಲಸವಿಲ್ಲ. ‘ತಂದೆಯೇ ಮಗುವಿನ ಗಾರ್ಡಿಯನ್ ಎಂದು ಕಾನೂನು ಹೇಳುತ್ತದೆ, ಸಂಪಾದನೆಯಿಲ್ಲದ ನಿನಗೆ ಯಾವ ಕೋರ್ಟೂ ಮಗುವನ್ನು ಕೊಡುವುದಿಲ್ಲ’ ಎಂದು ಅತ್ತೆ ಮಾವ ಹೆದರಿಸುತ್ತಿದ್ದಾರೆ. ಅವರು ಹೇಳುವಂತೆ ಆಗುತ್ತದೆಯೇ?

ಉತ್ತರ: ಇಲ್ಲಮ್ಮ, ಹಾಗೆ ಆಗುವುದಿಲ್ಲ. ಹೆದರಬೇಡಿ. ಗಾರ್ಡಿಯನ್, ಅಂದರೆ ಮಗುವಿನ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಕಾನೂನುಬದ್ಧ ರಕ್ಷಕರು, ಯಾರೆಂಬುದಕ್ಕೆ 1956ರ ಕಾಯ್ದೆಯ 6ನೇ ಕಲಂನಲ್ಲಿ ತಂದೆ, ಅವನ ನಂತರ ತಾಯಿ ಎಂಬ ಕ್ರಮ ಇರುವುದು ನಿಜ. ಆದರೆ ಅದೇ ಕಲಂ ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಹೇಳುತ್ತದೆ. ನಿಮ್ಮ ಅತ್ತೆ ಮಾವ ಆ ಸಾಲನ್ನು ಓದದೆ ಬಿಟ್ಟಿದ್ದಾರೆ. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಗೊಳಿಸಿ, ಇಷ್ಟು ಎಳೆಯ ಮಗುವನ್ನು ತಾಯಿಯಿಂದ ಬೇರ್ಪಡಿಸಬೇಕಾದರೆ ಆಕೆಯ ಬಳಿ ಇರುವುದು ಮಗುವಿನ ಕ್ಷೇಮಕ್ಕೆ ಒಳ್ಳೆಯದಲ್ಲವೆಂದು ತಂದೆಯೇ ತೋರಿಸಬೇಕೆಂದು ಹೇಳಿದೆ. ಇನ್ನು ‘ತಂದೆಯ ನಂತರ’ ಎಂಬ ಮಾತನ್ನು ಗೀತಾ ಹರಿಹರನ್ ಪ್ರಕರಣದಲ್ಲಿ, 1999ರಷ್ಟು ಹಿಂದೆಯೇ, ಸುಪ್ರೀಂ ಕೋರ್ಟ್ ವ್ಯಾಖ್ಯಾನಿಸಿ, ತಂದೆ ತೀರಿಕೊಂಡ ಮೇಲೆಯೇ ಆಗಬೇಕೆಂದಿಲ್ಲ, ಅವನು ಮಗುವಿನ ಹೊಣೆಯನ್ನು ನೋಡಿಕೊಳ್ಳದೆ ಇರುವಾಗಲೂ ತಾಯಿಯೇ ಸಹಜ ಗಾರ್ಡಿಯನ್ ಆಗುತ್ತಾಳೆ ಎಂದು ತೀರ್ಮಾನಿಸಿತು. ಅದೂ ಅಲ್ಲದೆ ಗಾರ್ಡಿಯನ್ ಯಾರು ಎಂಬುದೂ ಮಗು ಯಾರ ಬಳಿ ಇರಬೇಕು ಎಂಬುದೂ ಎರಡು ಬೇರೆ ಪ್ರಶ್ನೆಗಳು.

ಸಂಪಾದನೆಯಿಲ್ಲ ಎಂಬುದು ಸುಪರ್ದಿ ನಿರಾಕರಿಸಲು ಸಾಲದು. ತಂದೆಯ ಹತ್ತಿರ ಹೆಚ್ಚು ದುಡ್ಡಿದ್ದರೆ ಅದನ್ನು ಮಗುವಿನ ಜೀವನಾಂಶವಾಗಿ ಕೊಡಿಸಲು ಕಾನೂನಿನಲ್ಲಿ ದಾರಿಯಿದೆ. ಹಿಂದೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದ ಅವಕಾಶ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ನಿರ್ದೇಶಿಸಿರುವುದರಿಂದ, ಸಂಬಳವನ್ನು ಮುಚ್ಚಿಡುವುದು ಮೊದಲಿನಷ್ಟು ಸುಲಭವಲ್ಲ.

ನೀವು ಹಿಂಸೆಯ ಮಾತು ಬರೆದಿದ್ದೀರಿ. ಅದಕ್ಕೆ ಸಂಬಂಧಿಸಿದ ಆಸ್ಪತ್ರೆಯ ಚೀಟಿ, ಫೋನಿನ ಸಂದೇಶ, ದೂರು ಕೊಟ್ಟಿದ್ದರೆ ಅದರ ಪ್ರತಿ ಇವನ್ನು ಜೋಪಾನವಾಗಿಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ನಿಮಗೆ ಕೊಡಬಹುದು, ಮತ್ತು ತಂದೆಯ ಭೇಟಿಯಿಂದ ಮಗುವಿಗೆ ಹಾನಿಯಾಗುವಂತಿದ್ದರೆ ಅದನ್ನೂ ನಿರಾಕರಿಸಬಹುದು. ವಕೀಲರ ಖರ್ಚಿನ ಯೋಚನೆ ಬೇಡ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ; ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿಯೇ ಇರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಿ ವಿಚಾರಿಸಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಐದು ವರ್ಷದ ಈ ನಿಯಮವನ್ನು ಶಾಶ್ವತ ರಕ್ಷಣೆ ಎಂದು ತಿಳಿಯಬೇಡಿ. ಮಗಳಿಗೆ ಐದು ತುಂಬಿದ ದಿನವೇ ಯಾರೂ ಬಂದು ಕರೆದೊಯ್ಯಲಾಗುವುದಿಲ್ಲ, ಆದರೆ ಆಮೇಲೆ ತಂದೆ ಅರ್ಜಿ ಹಾಕಿದರೆ ನಿಯಮದ ಆಸರೆಯಿಲ್ಲದೆ ಕ್ಷೇಮದ ಪ್ರಶ್ನೆಯೊಂದೇ ಉಳಿಯುತ್ತದೆ. ಅಷ್ಟರಲ್ಲಿ ಅಂಗನವಾಡಿ ಅಥವಾ ಶಾಲೆ, ಲಸಿಕೆ, ಆರೋಗ್ಯ ಎಲ್ಲವೂ ನಿಮ್ಮ ಕೈಯಲ್ಲಿ ಸರಿಯಾಗಿ ನಡೆದಿರುವುದು ದಾಖಲೆಯಲ್ಲಿರಲಿ.

ಪ್ರಶ್ನೆ: ನಾವು ಧಾರವಾಡದವರು. ನಮ್ಮ ಮಗ ಹನ್ನೆರಡು ವರ್ಷದವನು, ನನ್ನ ಜೊತೆಗಿದ್ದಾನೆ. ತಂದೆಯ ಬಳಿ ಹೋಗಲು ಅವನಿಗೆ ಇಷ್ಟವಿಲ್ಲ, ಫೋನಿನಲ್ಲಿ ಮಾತಾಡಲೂ ಒಪ್ಪುವುದಿಲ್ಲ. ಕೋರ್ಟಿನಲ್ಲಿ ಮಗನೇ ಹೀಗೆ ಹೇಳಿಬಿಟ್ಟರೆ ಪ್ರಕರಣ ಮುಗಿಯುತ್ತದಲ್ಲವೇ? ಅವನನ್ನು ಕಟಕಟೆಗೆ ಹತ್ತಿಸುತ್ತಾರೆಯೇ?

ಉತ್ತರ: ಕಟಕಟೆಗೆ ಹತ್ತಿಸುವುದಿಲ್ಲ. ಸಾಮಾನ್ಯವಾಗಿ ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿಕೊಂಡು, ನಿಮ್ಮನ್ನೂ ವಕೀಲರನ್ನೂ ಹೊರಗಿರಿಸಿ, ಶಾಲೆ, ಗೆಳೆಯರು, ಆಟ ಎಂದು ಮಾತು ತೆಗೆದು ಮಗುವಿನ ಮನಸ್ಸನ್ನು ತಿಳಿಯಲು ಪ್ರಯತ್ನಿಸುತ್ತಾರೆ. ಬೇಕೆನಿಸಿದರೆ ಆಪ್ತಸಮಾಲೋಚಕರ ಅಥವಾ ಮನೋವೈದ್ಯರ ನೆರವು ಪಡೆಯಲು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ಅವಕಾಶ ಕೊಡುತ್ತದೆ. ನೀವಿಬ್ಬರಲ್ಲಿ ಒಬ್ಬರು ಕೇಳಿಕೊಂಡರೂ ಸಾಕು, ಇಡೀ ವಿಚಾರಣೆ ಗೋಪ್ಯವಾಗಿ ನಡೆಯಬೇಕು. ಅದು 11ನೇ ಕಲಂ.

ಪ್ರಕರಣ ಮುಗಿಯುತ್ತದೆ ಎಂಬ ನಿಮ್ಮ ಲೆಕ್ಕ ಮಾತ್ರ ಸರಿಯಲ್ಲ. ವಿವೇಚನೆಯಿಂದ ಇಷ್ಟಾನಿಷ್ಟ ಹೇಳುವಷ್ಟು ಮಗು ಬೆಳೆದಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸಬಹುದು ಎಂದು 1890ರ ಕಾಯ್ದೆ ಹೇಳುತ್ತದೆ. ಪರಿಗಣಿಸಬಹುದು ಎಂದರೆ ಪಾಲಿಸಲೇಬೇಕು ಎಂದಾಗುವುದಿಲ್ಲ. ಹನ್ನೆರಡು ವರ್ಷದವನ ಮಾತಿಗೆ ಖಂಡಿತ ತೂಕವಿದೆ, ಆದರೆ ನ್ಯಾಯಾಧೀಶರು ಆ ಮಾತಿನ ಹಿಂದಿರುವ ಕಾರಣವನ್ನೂ ಕೇಳುತ್ತಾರೆ. ‘ಅಪ್ಪ ಕುಡಿದು ಬಂದು ಹೊಡೆಯುತ್ತಿದ್ದರು’ ಎಂದು ಮಗು ತನಗಾದ ಅನುಭವವನ್ನು ಹೇಳುವುದಕ್ಕೂ, ‘ಅಪ್ಪ ಜೀವನಾಂಶ ಕೊಡದೆ ಮೋಸ ಮಾಡುತ್ತಿದ್ದಾರೆ’ ಎಂದು ದೊಡ್ಡವರ ಮಾತನ್ನು ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸ ದಿನವೂ ಇಂಥ ಮಕ್ಕಳನ್ನು ನೋಡುವವರಿಗೆ ಬೇಗ ಗೊತ್ತಾಗುತ್ತದೆ.

2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದಕ್ಕೆ ವಿರುದ್ಧ ದಿಕ್ಕಿನ ಪ್ರಕರಣ ಬಂದಿತ್ತು. ಎಳೆತನದಿಂದ ತಂದೆಯ ಬಳಿಯೇ ಬೆಳೆದ ಬಾಲಕಿ ತನಗೆ ತಂದೆಯೇ ಬೇಕೆಂದಳು. ತಾಯಿಯ ಒಡನಾಟವೇ ಸಿಗದ ಮಗು ಇಬ್ಬರನ್ನು ಹೋಲಿಸಿ ಆಯ್ಕೆ ಮಾಡಲು ಹೇಗೆ ಸಾಧ್ಯ ಎಂದು ನ್ಯಾಯಾಲಯ ಕೇಳಿತು. ಒಬ್ಬ ಪೋಷಕರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವುದರಿಂದ ಮಗುವಿಗಾಗುವ ಮಾನಸಿಕ ಹಾನಿಯನ್ನು ವಿವರವಾಗಿ ಚರ್ಚಿಸಿ, ಸುಪರ್ದಿಯನ್ನು ತಾಯಿಗೆ ಕೊಟ್ಟಿತು.

ನಿಮ್ಮ ಮಗನ ನಿರಾಕರಣೆಗೆ ನಿಜವಾದ ಕಾರಣವಿದ್ದರೆ ಅದನ್ನು ನೀವು ಹೇಳಿಕೊಡಬೇಕಾಗಿಲ್ಲ, ಅವನೇ ಹೇಳುತ್ತಾನೆ. ಕಾರಣವಿಲ್ಲದಿದ್ದರೆ, ಫೋನನ್ನಾದರೂ ಎತ್ತಿಸುವುದು ನಿಮ್ಮ ಹಿತಕ್ಕೇ ಒಳ್ಳೆಯದು. ಇನ್ನೊಬ್ಬ ಪೋಷಕರೊಂದಿಗೆ ಮಗುವಿನ ನಂಟನ್ನು ಉಳಿಸಿಕೊಡುವವರು ಯಾರು ಎಂಬುದನ್ನೂ ನ್ಯಾಯಾಲಯ ಗಮನಿಸುತ್ತದೆ, ಮತ್ತು ಒಬ್ಬರ ಸುಪರ್ದಿಯನ್ನು ಯಾರಿಗೆ ಕೊಡಬೇಕೆಂಬ ಹಂತದಲ್ಲಿ ಅದು ಬಹಳ ದೊಡ್ಡ ಅಂಶವಾಗುತ್ತದೆ.

ಪ್ರಶ್ನೆ: ನಾನು ಮಂಗಳೂರಿನವನು, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಆರು ವರ್ಷದ ಮಗಳು ಇಲ್ಲಿಯೇ ಹುಟ್ಟಿದವಳು. ಪತ್ನಿ ರಜೆಗೆಂದು ಊರಿಗೆ ಕರೆದುಕೊಂಡು ಹೋಗಿ ಏಳು ತಿಂಗಳಾದರೂ ಮರಳಿಲ್ಲ. ಇಲ್ಲಿನ ನ್ಯಾಯಾಲಯ ಇಬ್ಬರಿಗೂ ಜಂಟಿ ಸುಪರ್ದಿ ನೀಡಿ, ಮಗುವನ್ನು ಮರಳಿ ಕರೆತರಬೇಕೆಂದು ಆದೇಶಿಸಿದೆ. ಆ ಆದೇಶವನ್ನು ಕರ್ನಾಟಕದಲ್ಲಿ ಜಾರಿ ಮಾಡಿಸುವುದು ಹೇಗೆ?

ಉತ್ತರ: ನೇರವಾಗಿ ಜಾರಿ ಮಾಡಿಸಲು ಬರುವುದಿಲ್ಲ. ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದ ಮಕ್ಕಳನ್ನು ಬೇಗನೆ ಮರಳಿಸಲು 1980ರಲ್ಲಿ ಆದ ಹೇಗ್ ಒಪ್ಪಂದಕ್ಕೆ ಅಮೆರಿಕ ಸೇರಿದೆ, ಭಾರತ ಸೇರಿಲ್ಲ. ಆದ್ದರಿಂದ ನಿಮಗಿರುವ ರೂಢಿಯ ದಾರಿ ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ. ಅಲ್ಲಿ ಅಮೆರಿಕದ ಆದೇಶಕ್ಕೆ ಗೌರವವಿದೆ, ಆದರೆ ಅದೇ ಕೊನೆಯ ಮಾತಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠವು, ವಿದೇಶಿ ನ್ಯಾಯಾಲಯದ ಆದೇಶವು ಮಗುವಿನ ಕ್ಷೇಮವನ್ನು ನಿರ್ಧರಿಸುವಾಗ ಗಮನಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರ ಎಂದು ಸ್ಪಷ್ಟಪಡಿಸಿದೆ.

ಈ ಬಗೆಯ ಪ್ರಕರಣಗಳಲ್ಲಿ ಕಾಲವೇ ದೊಡ್ಡ ಎದುರಾಳಿ. ತಂದೆ ಬೇಗನೆ ಬಂದರೆ, ಮಗುವಿನ ಬೇರು ಇನ್ನೂ ವಿದೇಶದಲ್ಲಿಯೇ ಇದ್ದರೆ, ಹೈಕೋರ್ಟ್ ಸಂಕ್ಷಿಪ್ತ ವಿಚಾರಣೆ ನಡೆಸಿ ಮಗುವನ್ನು ಮರಳಿಸುವ ಆದೇಶ ಮಾಡಬಹುದು. ವರ್ಷಗಳು ಉರುಳಿ, ಮಗು ಮಂಗಳೂರಿನ ಶಾಲೆಯಲ್ಲಿ ಓದುತ್ತಾ, ಅಜ್ಜಿ ಮನೆಯ ತುಳುವನ್ನೋ ಕೊಂಕಣಿಯನ್ನೋ ಮಾತಾಡುತ್ತಾ ಅಲ್ಲಿಯವಳೇ ಆಗಿಬಿಟ್ಟರೆ, ಅದೇ ನ್ಯಾಯಾಲಯ ಆಕೆಯನ್ನು ಮತ್ತೆ ಕೀಳಲು ಹಿಂಜರಿಯುತ್ತದೆ. ನಿಮ್ಮ ಏಳು ತಿಂಗಳು ತಡವೆನ್ನುವಷ್ಟು ಆಗಿಲ್ಲ, ಇನ್ನು ಕಾಯುವಷ್ಟು ಸಮಯವೂ ಇಲ್ಲ.

ಹೋಗುವಾಗ ಏನನ್ನು ಕೇಳುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ತಾಯಿಯಿಂದ ಮಗುವನ್ನು ಕಿತ್ತು ನನಗೊಬ್ಬನಿಗೇ ಕೊಡಿ ಎಂದರೆ ಒಂದು ಪರಿಣಾಮ. ತಾಯಿಯೂ ಮರಳಿ ಬರಲಿ, ಆಕೆಯ ಪ್ರಯಾಣ, ಬೇರೆ ಮನೆ, ಖರ್ಚು, ವಕೀಲರ ಶುಲ್ಕ ಇವನ್ನು ನಾನು ಭರಿಸುತ್ತೇನೆ, ಸುಪರ್ದಿಯ ವಿವಾದವನ್ನು ಅಲ್ಲಿಯೇ ಬಗೆಹರಿಸಿಕೊಳ್ಳೋಣ ಎಂದರೆ ಇನ್ನೊಂದು ಪರಿಣಾಮ. 2020ರ ಜನವರಿಯಲ್ಲಿ, ಅಮೆರಿಕದಿಂದ ಪುಟ್ಟ ಮಗಳನ್ನು ಕರೆತಂದ ತಾಯಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡನೆಯ ಜಾಡನ್ನೇ ಹಿಡಿಯಿತು. ತಾಯಿ ತಂದೆ ಇಬ್ಬರ ಪ್ರೀತಿ ಪಡೆಯುವುದು ಮಗುವಿನ ಮೂಲಭೂತ ಮಾನವ ಹಕ್ಕು, ಸುಪರ್ದಿ ಯಾರ ಬಳಿ ಇದ್ದರೂ ಇನ್ನೊಬ್ಬರಿಗೆ ಸಾಕಷ್ಟು ಭೇಟಿಯೂ ದೂರದಲ್ಲಿರುವವರಿಗೆ ವಿಡಿಯೊ ಕರೆಯ ಸಂಪರ್ಕವೂ ಇರಬೇಕು ಎಂದು ಅದೇ ತೀರ್ಪು ಹೇಳಿದ್ದನ್ನು ಈಗ ಕೌಟುಂಬಿಕ ನ್ಯಾಯಾಲಯಗಳಲ್ಲಿ ಉಲ್ಲೇಖಿಸುತ್ತಾರೆ.

ನೀವು ಮಾತು ಕೊಟ್ಟರೆ ಅದನ್ನು ಲಿಖಿತವಾಗಿ, ಅಲ್ಲಿನ ನ್ಯಾಯಾಲಯದಲ್ಲಿಯೂ ಅಷ್ಟೇ ಅರ್ಥದ ಆದೇಶ ಪಡೆದು ಕೊಡಬೇಕಾಗಬಹುದು. ಇದಕ್ಕೆ ಮಿರರ್ ಆರ್ಡರ್ ಎನ್ನುತ್ತಾರೆ. ಇಷ್ಟು ಬಿಗಿ ಏಕೆಂದರೆ, ಕೆನ್ಯಾದಲ್ಲಿ ನೆಲೆಸಿದ್ದ ತಂದೆಯೊಬ್ಬರಿಗೆ 2020ರಲ್ಲಿ ಇದೇ ಷರತ್ತಿನ ಮೇಲೆ ಮಗನ ಸುಪರ್ದಿ ಕೊಟ್ಟ ಸುಪ್ರೀಂ ಕೋರ್ಟ್, ಮಗು ದೇಶ ದಾಟಿದ ಮೇಲೆ ಆತ ಮಾತಿಗೆ ತಪ್ಪಿದ್ದರಿಂದ ಮರುವರ್ಷವೇ ಆ ಆದೇಶವನ್ನು ಹಿಂತೆಗೆದುಕೊಂಡು ನ್ಯಾಯಾಂಗ ನಿಂದನೆಯ ಕ್ರಮಕ್ಕೆ ಮುಂದಾಗಬೇಕಾಯಿತು. ಅಂಥವರೊಬ್ಬರ ನಡತೆಯ ಬೆಲೆಯನ್ನು ಆಮೇಲೆ ಬರುವ ಪ್ರಾಮಾಣಿಕ ತಂದೆಯರು ತೆರಬೇಕಾಗುತ್ತದೆ.

ಪ್ರಶ್ನೆ: ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮಗಳು ನನ್ನ ಬಳಿ ಇರುವುದೆಂದೂ, ಪ್ರತಿ ಭಾನುವಾರ ತಂದೆ ಬಂದು ನೋಡುವುದೆಂದೂ ಬರೆದುಕೊಂಡಿದ್ದೇವೆ. ಈಗ ನನಗೆ ಶಿವಮೊಗ್ಗದಿಂದ ಪುಣೆಗೆ ವರ್ಗವಾಗಿದೆ. ಅಲ್ಲದೆ ಮರುಮದುವೆಯ ಪ್ರಸ್ತಾಪವೂ ಇದೆ. ಎರಡರಿಂದಲೂ ಸುಪರ್ದಿ ಕೈತಪ್ಪಬಹುದೇ?

ಉತ್ತರ: ಮರುಮದುವೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ: ಅದೊಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನು ತೆಗೆದುಕೊಳ್ಳುವಂತಿಲ್ಲ. 2006ರಲ್ಲಿಯೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಗಂಡಸರ ಮರುಮದುವೆಯ ಬಗ್ಗೆ ಯಾರೂ ಈ ಪ್ರಶ್ನೆಯನ್ನು ನನಗೆ ಬರೆದು ಕೇಳುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ವರ್ಗಾವಣೆಯದು ನಿಜವಾದ ತೊಡಕು, ಏಕೆಂದರೆ ಭಾನುವಾರದ ಭೇಟಿ ಪುಣೆಯಿಂದ ನಡೆಯುವಂಥದ್ದಲ್ಲ. ಹೇಳದೆ ಕೇಳದೆ ಊರು ಬಿಟ್ಟರೆ ಆದೇಶ ಮುರಿದಂತಾಗುತ್ತದೆ. ಸುಪರ್ದಿಯ ಆದೇಶಗಳು ಎಂದಿಗೂ ಅಂತಿಮವಲ್ಲ, ಪರಿಸ್ಥಿತಿ ಬದಲಾದಂತೆ ಅವನ್ನೂ ಬದಲಾಯಿಸಬಹುದು ಎಂಬುದು 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೆಲೆಗೊಂಡಿರುವ ತತ್ತ್ವ, ಮತ್ತು ಇದು ಒಪ್ಪಿಗೆಯಿಂದಾದ ಆದೇಶಕ್ಕೂ ಅನ್ವಯಿಸುತ್ತದೆ. ಹೊರಡುವ ಮೊದಲೇ ಅದೇ ನ್ಯಾಯಾಲಯದಲ್ಲಿ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಮಾರ್ಪಾಡಿನ ಅರ್ಜಿ ಹಾಕಿ. ಭಾನುವಾರಗಳ ಬದಲು ಬೇಸಿಗೆ ರಜೆಯ ದೊಡ್ಡ ಭಾಗ, ತಿಂಗಳಿಗೊಂದು ವಾರಾಂತ್ಯ, ಪ್ರಯಾಣದ ಖರ್ಚಿನಲ್ಲಿ ನಿಮ್ಮ ಪಾಲು ಇವನ್ನು ನೀವೇ ಮುಂದಿಡಿ. ತಂದೆಯೂ ಒಪ್ಪಿದರೆ ಇಬ್ಬರೂ ಸಹಿ ಹಾಕಿದ ಒಪ್ಪಿಗೆಯ ಹೇಳಿಕೆ, ಅಂದರೆ ಜಂಟಿ ಮೆಮೊ, ಸಲ್ಲಿಸಿದರೆ ಸಾಕಾಗಬಹುದು.

ಪ್ರಶ್ನೆ: ಕಲಬುರಗಿಯ ಮುಸ್ಲಿಂ ತಂದೆ ನಾನು. ಗಂಡು ಮಗುವಿಗೆ ಏಳು ವರ್ಷ ತುಂಬಿದರೆ ತಂದೆಗೇ ಸುಪರ್ದಿ ಎಂದು ನಮ್ಮವರು ಹೇಳುತ್ತಾರೆ. ನ್ಯಾಯಾಲಯದಲ್ಲಿ ಅದು ನಡೆಯುತ್ತದೆಯೇ?

ಉತ್ತರ: ಇಸ್ಲಾಂ ಕಾನೂನಿನ ಹನಫಿ ಪಂಥದ ಪ್ರಕಾರ ಗಂಡು ಮಗುವಿನ ವಿಷಯದಲ್ಲಿ ಏಳು ವರ್ಷದವರೆಗೆ, ಹೆಣ್ಣು ಮಗುವಿನ ವಿಷಯದಲ್ಲಿ ಪ್ರೌಢಾವಸ್ಥೆಯವರೆಗೆ ಹಿಜಾನತ್ ಎಂಬ ಪಾಲನೆಯ ಹಕ್ಕು ತಾಯಿಯದು. ಆದರೆ 1890ರ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುವಂಥದ್ದು. ಆಯಾ ಧರ್ಮದವರ ವೈಯಕ್ತಿಕ ಕಾನೂನನ್ನು ನ್ಯಾಯಾಲಯ ಗಮನಿಸುತ್ತದಾದರೂ, ಅದಕ್ಕೂ ಮಗುವಿನ ಕ್ಷೇಮಕ್ಕೂ ತಾಳೆಯಾಗದಿದ್ದರೆ ಕ್ಷೇಮದ ಕಡೆಗೇ ವಾಲುತ್ತದೆ. ಏಳನೆಯ ಹುಟ್ಟುಹಬ್ಬವನ್ನು ಕಾಯುವ ಬದಲು ಈಗಿನಿಂದಲೇ ನಿಯಮಿತ ಭೇಟಿಗೆ ಆದೇಶ ಪಡೆಯಿರಿ. ಮಗು ವಾಸವಿರುವ ಊರು ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ ಅಲ್ಲಿಯೇ ಅರ್ಜಿ ಹಾಕಬೇಕು. ಪ್ರತ್ಯೇಕ ಕೌಟುಂಬಿಕ ನ್ಯಾಯಾಲಯವಿಲ್ಲದ ಕಡೆ ಜಿಲ್ಲಾ ನ್ಯಾಯಾಲಯ.

ಪ್ರಶ್ನೆ: ತಿಂಗಳಲ್ಲಿ ಎರಡು ಶನಿವಾರ ಮಗನನ್ನು ನೋಡಲು ನನಗೆ ಆದೇಶವಿದೆ. ಆದರೆ ಪ್ರತಿ ಸಲ ಮಗುವಿಗೆ ಹುಷಾರಿಲ್ಲ, ಪರೀಕ್ಷೆಯಿದೆ, ಊರಿಗೆ ಹೋಗಿದ್ದೇವೆ ಎಂದು ನೆಪ ಹೇಳುತ್ತಾರೆ. ಭೇಟಿ ಕೊಡುವವರೆಗೆ ಜೀವನಾಂಶ ನಿಲ್ಲಿಸಬಹುದೇ? (ತುಮಕೂರು)

ಉತ್ತರ: ನಿಲ್ಲಿಸಬೇಡಿ. ಜೀವನಾಂಶ ಮಗುವಿನ ಹಕ್ಕು. ಅದನ್ನು ತಡೆದರೆ ನಿಮ್ಮ ಮೇಲೆ ಬಾಕಿ ವಸೂಲಿಯ ಕ್ರಮ ಶುರುವಾಗುತ್ತದೆ ಮತ್ತು ಮುಂದೆ ಸುಪರ್ದಿ ಬದಲಾವಣೆ ಕೇಳುವ ದಿನ ಎದುರು ಪಕ್ಷದವರು ಮೊದಲು ತೋರಿಸುವ ಕಾಗದವೇ ಅದಾಗಿರುತ್ತದೆ. ಭೇಟಿ ತಪ್ಪಿದ ಪ್ರತಿ ಶನಿವಾರದ ದಿನಾಂಕ, ಬಂದ ಸಂದೇಶ, ನೀವು ಮನೆಯ ಬಾಗಿಲಿಗೆ ಹೋಗಿದ್ದರ ಗುರುತು ಇವನ್ನು ಬರೆದಿಟ್ಟು, ಆದೇಶ ಮಾಡಿದ ನ್ಯಾಯಾಲಯದಲ್ಲಿಯೇ ಅದರ ಜಾರಿಗೆ ಅರ್ಜಿ ಹಾಕಿ. ಮಗುವನ್ನು ಮನೆಯಲ್ಲಿ ಹಸ್ತಾಂತರಿಸುವ ಬದಲು ನ್ಯಾಯಾಲಯದ ಆವರಣದಲ್ಲಿ ಅಥವಾ ಶಾಲೆಯಿಂದ ನೇರವಾಗಿ ಕರೆದುಕೊಂಡು ಹೋಗುವಂತೆ, ತಪ್ಪಿದ ಭೇಟಿಗೆ ಮುಂದಿನ ವಾರವೇ ಬದಲಿ ದಿನ ಸಿಗುವಂತೆ ಕೇಳಿಕೊಳ್ಳಿ. ಬೇಕೆಂದೇ ಆದೇಶ ಮುರಿಯುತ್ತಿದ್ದಾರೆಂದು ಸಾಬೀತಾದರೆ ನ್ಯಾಯಾಂಗ ನಿಂದನೆಗೂ, ಕೊನೆಗೆ ಸುಪರ್ದಿಯ ಮರುಪರಿಶೀಲನೆಗೂ ದಾರಿಯಿದೆ. ಆದರೆ ಮಗನಿಗೆ ನಿಜವಾಗಿಯೂ ಪರೀಕ್ಷೆಯಿದ್ದ ಶನಿವಾರಗಳನ್ನು ಆ ಪಟ್ಟಿಯಿಂದ ನೀವೇ ತೆಗೆದುಬಿಡಿ.